ಕಿಟಕಿ ಪಕ್ಕ ಕೂತವರಿಗೆ ಯಾರು ಹೊಣೆ?

ರಸ್ತೆ ಅಪಘಾತದ ಸುದ್ದಿ ಬಂದರೆ ಎಲ್ಲರ ಬಾಯಲ್ಲಿ ಬರುವ ಮೊದಲ ಪ್ರಶ್ನೆ ‘ತಪ್ಪು ಯಾರದು?’ ಬಸ್ಸಿನವನದೋ, ಲಾರಿಯವನದೋ, ಅಡ್ಡ ಬಂದ ಬೈಕಿನವನದೋ ಎಂಬ ವಾದ ಚಹಾದಂಗಡಿಯಿಂದ ಹಿಡಿದು ನ್ಯಾಯಾಲಯದವರೆಗೂ ನಡೆಯುತ್ತದೆ. ಈ ವಾದದಲ್ಲಿ ಪಾಲೇ ಇಲ್ಲದವರು ಪ್ರಯಾಣಿಕರು. ಸ್ಟಿಯರಿಂಗ್ ಅವರ ಕೈಯಲ್ಲಿರಲಿಲ್ಲ, ಬ್ರೇಕ್ ಅವರ ಕಾಲಡಿ ಇರಲಿಲ್ಲ. ಅವರ ತಪ್ಪಿಲ್ಲ ಎಂಬುದನ್ನು ಕಾನೂನೂ ಬೇಗ ಒಪ್ಪಿಕೊಳ್ಳುತ್ತದೆ.

ಆದರೂ ಒಂದೇ ರಸ್ತೆಯಲ್ಲಿ ಒಂದೇ ಬಗೆಯ ಗಾಯವಾದ ಇಬ್ಬರಲ್ಲಿ ಒಬ್ಬರಿಗೆ ಎಂಟು ಲಕ್ಷ ಸಿಕ್ಕಿ, ಇನ್ನೊಬ್ಬರು ಬರಿಗೈಯಲ್ಲಿ ಮನೆ ಸೇರುವುದುಂಟು. ಹತ್ತಿದ ವಾಹನ ಯಾವುದು, ಅದರ ವಿಮೆ ಯಾವ ಬಗೆಯದು, ಆಸ್ಪತ್ರೆಯಲ್ಲಿ ಮೊದಲ ದಿನ ಏನೆಂದು ಬರೆಸಿದರು, ತಾವು ಮಾಡುವ ಕೆಲಸವನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೇಗೆ ವಿವರಿಸಿದರು ಎಂಬ ನಾಲ್ಕು ಸಂಗತಿಗಳ ಮೇಲೆ ಪರಿಹಾರ ನಿಂತಿರುತ್ತದೆ. ಇವುಗಳಲ್ಲಿ ಒಂದೂ ‘ತಪ್ಪು ಯಾರದು’ ಎಂಬ ಪ್ರಶ್ನೆಗೆ ಸಂಬಂಧಿಸಿದ್ದಲ್ಲ. ಹಾಗಾಗಿ ಆ ಪ್ರಶ್ನೆಯನ್ನು ಮೊದಲು ಮುಗಿಸಿ, ಉಳಿದವುಗಳಿಗೆ ಬರೋಣ.

ಎರಡು ವಾಹನ ಡಿಕ್ಕಿಯಾದರೆ

ಚಿತ್ರದುರ್ಗದ ಹತ್ತಿರ ಹೆದ್ದಾರಿಯಲ್ಲಿ ಸಾರಿಗೆ ಬಸ್ಸಿಗೂ ಲಾರಿಗೂ ಡಿಕ್ಕಿಯಾಯಿತು ಎಂದಿಟ್ಟುಕೊಳ್ಳಿ. ಲಾರಿಯವನು ಸಿಗ್ನಲ್ ಕೊಡದೆ ತಿರುಗಿದ ಎಂದು ಬಸ್ಸಿನವರು ಹೇಳುತ್ತಾರೆ. ಬಸ್ ಅತಿವೇಗದಲ್ಲಿತ್ತು ಎಂದು ಲಾರಿಯ ವಿಮಾ ಕಂಪನಿ ಹೇಳುತ್ತದೆ. ಇಬ್ಬರದೂ ಅಷ್ಟಿಷ್ಟು ತಪ್ಪಿದೆ ಎಂದು ಕೊನೆಗೆ ತೀರ್ಮಾನವಾಗುತ್ತದೆ. ಹಾಗಾದರೆ ಬಸ್ಸಿನಲ್ಲಿದ್ದವರು ಯಾರ ಹಿಂದೆ ಹೋಗಬೇಕು?

ಯಾರ ಹಿಂದೆ ಬೇಕಾದರೂ ಹೋಗಬಹುದು ಎನ್ನುತ್ತದೆ ಕಾನೂನು. ಇಬ್ಬರು ಚಾಲಕರ ಅಜಾಗರೂಕತೆ ಸೇರಿ ಮೂರನೆಯವರಿಗೆ ಗಾಯವಾದರೆ ಅದು ‘ಸಂಯುಕ್ತ ನಿರ್ಲಕ್ಷ್ಯ’. ಗಾಯಾಳು ಇಬ್ಬರ ಮೇಲೂ ಅರ್ಜಿ ಹಾಕಬಹುದು, ಒಬ್ಬರ ಮೇಲಷ್ಟೇ ಹಾಕಿ ಪೂರ್ತಿ ಮೊತ್ತವನ್ನೂ ಕೇಳಬಹುದು. ಹಣ ಕೊಟ್ಟವರು ಇನ್ನೊಬ್ಬರ ಪಾಲನ್ನು ಆಮೇಲೆ ವಸೂಲು ಮಾಡಿಕೊಳ್ಳುವುದು ಅವರವರ ತಲೆನೋವು. 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಅದಕ್ಕೂ ಮೊದಲೇ ಇದೇ ದಾರಿ ಹಿಡಿದಿತ್ತು. ಗಾಯಾಳುವಿನದೇ ತಪ್ಪು ಸೇರಿದ್ದರೆ ಮಾತ್ರ ಅದು ‘ಸಹನಿರ್ಲಕ್ಷ್ಯ’ವಾಗಿ, ಅವರ ಪಾಲಿನಷ್ಟು ಪರಿಹಾರ ಕಡಿತವಾಗುತ್ತದೆ. ಬೈಕ್ ಓಡಿಸುತ್ತಿದ್ದವರಿಗೆ ಈ ಕಡಿತದ ಭಯ ಸದಾ ಇರುತ್ತದೆ. ಸೀಟಿನಲ್ಲಿ ಕೂತಿದ್ದವರಿಗೆ ಹೆಚ್ಚುಕಡಿಮೆ ಇಲ್ಲ.

ಹೆಚ್ಚುಕಡಿಮೆ ಎಂದದ್ದಕ್ಕೆ ಕಾರಣವಿದೆ. ಬಸ್ಸಿನ ಮೇಲೆ ಹತ್ತಿ ಕೂತವರು, ಫುಟ್‌ಬೋರ್ಡಿನಲ್ಲಿ ಜೋತುಬಿದ್ದವರು, ಮೊಣಕೈಯನ್ನು ಕಿಟಕಿಯಾಚೆ ಇಟ್ಟು ನಿದ್ದೆ ಹೋದವರ ಮೇಲೆ ಸಹನಿರ್ಲಕ್ಷ್ಯದ ಆರೋಪ ಬಂದೇ ಬರುತ್ತದೆ. ಆದರೆ ನಿಯಮ ಮುರಿದದ್ದೇ ಸಾಲದು, ಆ ಮುರಿದದ್ದರಿಂದಲೇ ಅಪಘಾತವೋ ಗಾಯವೋ ಆಗಿರಬೇಕು. ಒಂದು ಬೈಕಿನಲ್ಲಿ ಮೂವರು ಹೋಗುತ್ತಿದ್ದರು ಎಂಬ ಒಂದೇ ಕಾರಣಕ್ಕೆ ಪರಿಹಾರ ಕತ್ತರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ್ದು ಈ ಕಾರಣಕ್ಕೇ.

ಚಾಲಕನ ತಪ್ಪಿಗೆ ಮಾಲೀಕ ಹೊಣೆ, ಮಾಲೀಕನ ಹೊಣೆಯನ್ನು ವಿಮಾ ಕಂಪನಿ ಹೊರುತ್ತದೆ. ಇದು ಸರಪಳಿ. ಬ್ರೇಕ್ ಫೇಲಾಯಿತು ಎಂಬ ಹಳೆಯ ನೆಪ ಇಲ್ಲಿ ಸುಲಭವಾಗಿ ನಡೆಯುವುದಿಲ್ಲ. ವಾಹನವನ್ನು ಸರಿಯಾಗಿ ನೋಡಿಕೊಂಡಿದ್ದೆವು, ಆದರೂ ಕಣ್ಣಿಗೆ ಬೀಳದ ದೋಷವಿತ್ತು ಎಂದು ಮಾಲೀಕನೇ ಸಾಬೀತು ಮಾಡಬೇಕು. ಎದುರಿಗೆ ಯಾವ ವಾಹನವೂ ಇಲ್ಲದೆ ಬಸ್ ಹಳ್ಳಕ್ಕೆ ಬಿದ್ದರೆ, ಬಿದ್ದದ್ದೇ ಅಜಾಗರೂಕತೆಗೆ ಸಾಕ್ಷಿ ಎಂದು ನ್ಯಾಯಮಂಡಳಿ ಭಾವಿಸಬಹುದು. ಕೊಲೆ ಮೊಕದ್ದಮೆಯಂತೆ ಅನುಮಾನಕ್ಕೆ ಎಡೆಯಿಲ್ಲದಷ್ಟು ಪುರಾವೆ ಇಲ್ಲಿ ಬೇಕಿಲ್ಲ; ನಡೆದಿರುವ ಸಾಧ್ಯತೆ ಯಾವ ಕಡೆಗೆ ಹೆಚ್ಚು ವಾಲುತ್ತದೆ ಎಂದು ನೋಡಿದರೆ ಸಾಕು. ಕಂಡಕ್ಟರ್ ‘ರೈಟ್’ ಹೇಳಿದ್ದು ಒಂದು ಕಾಲು ಇನ್ನೂ ನೆಲದ ಮೇಲಿದ್ದಾಗ ಎಂದಾದರೆ, ಹತ್ತುವಾಗ ಬಿದ್ದವರೂ ಪರಿಹಾರಕ್ಕೆ ಅರ್ಹರೇ.

ಟಿಕೆಟ್ ಉಚಿತ, ಹೊಣೆ ಉಚಿತವಲ್ಲ

2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಹಲವರಲ್ಲಿ ಒಂದು ಅನುಮಾನ ಉಳಿದಿದೆ: ದುಡ್ಡು ಕೊಡದೆ ಹೋದವರಿಗೆ ಪರಿಹಾರ ಕೇಳುವ ಹಕ್ಕಿದೆಯೇ? ಇದೆ. ಮೋಟಾರು ವಾಹನ ಕಾಯ್ದೆಯಡಿ ಸಾರಿಗೆ ನಿಗಮದ ಹೊಣೆ ಹುಟ್ಟುವುದು ತನ್ನ ಚಾಲಕನ ಅಜಾಗರೂಕತೆಯಿಂದ. ಟಿಕೆಟ್ಟಿನ ಮೇಲೆ ಎಷ್ಟು ರೂಪಾಯಿ ಮುದ್ರಿಸಿದೆ ಎಂಬುದರಿಂದಲ್ಲ. ಪಾಸಿನ ವಿದ್ಯಾರ್ಥಿ, ಪೂರ್ತಿ ದರ ಕೊಟ್ಟ ಗಂಡಸು, ಶೂನ್ಯ ದರದ ಟಿಕೆಟ್ ಹಿಡಿದ ಹೆಂಗಸು ಮೂವರೂ ಇಲ್ಲಿ ಸಮಾನರು. ಆದರೆ ಆ ಚೀಟಿಯನ್ನು ಮುದುರಿ ಬಿಸಾಡಬಾರದು. ಆ ಬಸ್ಸಿನಲ್ಲಿ ಆ ಹೊತ್ತಿಗೆ ತಾವಿದ್ದುದಕ್ಕೆ ಅದಕ್ಕಿಂತ ಸುಲಭದ ಸಾಕ್ಷಿ ಇನ್ನೊಂದಿಲ್ಲ.

ಸಾರಿಗೆ ನಿಗಮಗಳ ವಿಷಯದಲ್ಲಿ ಇನ್ನೊಂದು ವಿಶೇಷವಿದೆ. ಎಲ್ಲ ವಾಹನಕ್ಕೂ ವಿಮೆ ಕಡ್ಡಾಯವಾದರೂ, ಪರಿಹಾರಕ್ಕೆಂದೇ ನಿಧಿ ಇಟ್ಟುಕೊಂಡ ರಾಜ್ಯ ಸಾರಿಗೆ ಸಂಸ್ಥೆಗಳಿಗೆ ಕಾಯ್ದೆಯ 146ನೇ ಕಲಂ ವಿನಾಯಿತಿ ಕೊಡಲು ಅವಕಾಶ ಮಾಡಿದೆ. ವಿನಾಯಿತಿ ಪಡೆದ ಬಸ್ಸಿನ ಪ್ರಕರಣದಲ್ಲಿ ಎದುರಾಳಿಯೂ ಹಣ ಕೊಡಬೇಕಾದವರೂ ನಿಗಮವೇ. ತೀರ್ಪಾದ ಮೇಲೂ ಹಣ ಬಾರದಿದ್ದಾಗ ಗಾಯಾಳು ಮತ್ತೆ ಜಾರಿ ಅರ್ಜಿ ಹಾಕುತ್ತಾರೆ. ನ್ಯಾಯಾಲಯದ ಅಮೀನರು ನಿಲ್ದಾಣಕ್ಕೆ ಬಂದು ಬಸ್ ಜಪ್ತಿ ಮಾಡಿ, ಪ್ರಯಾಣಿಕರನ್ನು ಇಳಿಸಿ, ಕೋರ್ಟಿನ ಅಂಗಳಕ್ಕೆ ತಂದು ನಿಲ್ಲಿಸುವ ಸುದ್ದಿಗಳು ಜಿಲ್ಲಾ ಪುಟಗಳಲ್ಲಿ ಆಗಾಗ ಬರುವುದು ಹೀಗೆ. ಗೆದ್ದವರು ಗೆದ್ದದ್ದನ್ನು ಪಡೆಯಲು ಇನ್ನೊಂದು ಸುತ್ತು ಅಲೆಯಬೇಕಾಗುವುದು ವ್ಯವಸ್ಥೆಗೆ ಶೋಭೆಯಲ್ಲ.

ವಾಹನ ಬದಲಾದರೆ ಲೆಕ್ಕವೂ ಬದಲು

ಬಸ್ಸು, ಆಟೊ, ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್‌ಗಳಲ್ಲಿ ಪ್ರಯಾಣಿಕರಿಗೆ ಕಡ್ಡಾಯ ವಿಮೆಯ ರಕ್ಷಣೆ ಇದೆ. ಆದರೆ ಆ ರಕ್ಷಣೆ ಎಷ್ಟು ಸೀಟಿಗೋ ಅಷ್ಟಕ್ಕೇ. 42 ಜನರಿಗೆ ಅನುಮತಿ ಇದ್ದ ಬಸ್ಸಿನಲ್ಲಿ 90 ಜನರನ್ನು ತುಂಬಿದ್ದ ಪ್ರಕರಣವೊಂದು 2007ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಿತ್ತು. ವಿಮಾ ಕಂಪನಿಯ ಹೊಣೆ 42 ಜನರಿಗೆ ಮಾತ್ರ, ಅತಿ ಹೆಚ್ಚು ಮೊತ್ತದ 42 ಆದೇಶಗಳ ಹಣವನ್ನು ಕಂಪನಿ ಕಟ್ಟಬೇಕು, ಅದನ್ನು ಎಲ್ಲರಿಗೂ ಪ್ರಮಾಣಾನುಸಾರ ಹಂಚಬೇಕು, ಉಳಿದದ್ದನ್ನು ಮಾಲೀಕನಿಂದ ವಸೂಲು ಮಾಡಬೇಕು ಎಂದು ತೀರ್ಪಾಯಿತು. ಮಾಲೀಕನ ಕೈಯಲ್ಲಿ ಕಾಸಿಲ್ಲದಿದ್ದರೆ ಆ ‘ಉಳಿದದ್ದು’ ಬರೀ ಕಾಗದದ ಮೇಲಿನ ಅಂಕಿ. ಶಾಲೆಯ ಮಕ್ಕಳನ್ನು ಚಾಲಕನ ಅಕ್ಕಪಕ್ಕವೂ ತುಂಬಿಕೊಂಡು ಹೋಗುವ ಆಟೊ ಕಂಡಾಗ ಈ ತೀರ್ಪು ನೆನಪಾಗಬೇಕು.

ಸ್ವಂತ ಕಾರು, ಬೈಕುಗಳಲ್ಲಿ ತೊಡಕು ಇನ್ನೂ ಸೂಕ್ಷ್ಮ. ಜನರ ಮಾತಿನಲ್ಲಿ ‘ಇನ್ಶೂರೆನ್ಸ್ ಇದೆ’ ಎಂದರೆ ಮುಗಿಯಿತು. ಆದರೆ ಪಾಲಿಸಿಯಲ್ಲಿ ಎರಡು ಜಾತಿ. ಕಾನೂನು ಕಡ್ಡಾಯ ಮಾಡಿರುವಷ್ಟನ್ನೇ ಹೊರುವ ಥರ್ಡ್ ಪಾರ್ಟಿ ಪಾಲಿಸಿ ಒಂದು, ಜನರು ‘ಫುಲ್ ಇನ್ಶೂರೆನ್ಸ್’ ಎನ್ನುವ ಪ್ಯಾಕೇಜ್ ಪಾಲಿಸಿ ಇನ್ನೊಂದು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಬೈಕಿನ ಹಿಂಬದಿ ಸವಾರ ಆ ‘ಮೂರನೆಯವನ’ ಲೆಕ್ಕಕ್ಕೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಪ್ಯಾಕೇಜ್ ಪಾಲಿಸಿ ಇದ್ದರೆ ಹಿಂಬದಿ ಸವಾರರಿಗೂ ಕಾರಿನೊಳಗಿನವರಿಗೂ ರಕ್ಷಣೆ ಇದೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಸುತ್ತೋಲೆ ಹೊರಡಿಸಿತು.

ಈಗ ನಮ್ಮ ಮನೆಗಳ ಬೈಕುಗಳನ್ನು ನೋಡಿ. 2018ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ, ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಶೋರೂಮಿನಲ್ಲೇ ಕಡ್ಡಾಯ. ಅದರ ಜೊತೆ ವಾಹನದ ಹಾನಿಗೆ ಕೊಡುವ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಎರಡನೆಯ ವರ್ಷ ಅದನ್ನು ನವೀಕರಿಸಲು ಹೆಚ್ಚಿನವರು ಹೋಗುವುದಿಲ್ಲ. ಪೊಲೀಸರು ಕೇಳುವ ಥರ್ಡ್ ಪಾರ್ಟಿ ಹೇಗೂ ಜಾರಿಯಲ್ಲಿದೆಯಲ್ಲ ಎಂಬ ಸಮಾಧಾನ. ಅಲ್ಲಿಗೆ ಪಾಲಿಸಿ ಬರೀ ಕಡ್ಡಾಯ ಭಾಗಕ್ಕೆ ಇಳಿಯುತ್ತದೆ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ ಗಂಡನೇ ಆಯತಪ್ಪಿ ಬಿದ್ದರೆ, ಆಕೆಯ ಪರಿಹಾರದ ಹೊಣೆ ಆ ಗಂಡನ ತಲೆಗೇ ಬರುವ ಸಂದರ್ಭ ಇದು. ಎದುರು ವಾಹನದ ತಪ್ಪಿದ್ದರೆ ಚಿಂತೆಯಿಲ್ಲ, ಅದರ ವಿಮಾ ಕಂಪನಿಗೆ ಆಕೆ ನಿಸ್ಸಂದೇಹವಾಗಿ ಮೂರನೆಯವಳು. ಪಾಲಿಸಿಯ ಮೊದಲ ಪುಟದಲ್ಲಿ ‘ಪ್ಯಾಕೇಜ್’ ಎಂದಿದೆಯೋ ‘ಲಯಬಿಲಿಟಿ ಓನ್ಲಿ’ ಎಂದಿದೆಯೋ ಎಂದು ಇವತ್ತೇ ನೋಡಿಕೊಳ್ಳುವುದು ಕ್ಷೇಮ.

ಎಲ್ಲಕ್ಕಿಂತ ಕೆಟ್ಟ ಸ್ಥಿತಿ ಸರಕು ಸಾಗಣೆಯ ವಾಹನಗಳದು. ಮದುವೆ ದಿಬ್ಬಣಕ್ಕೆ ಕ್ಯಾಂಟರ್, ಜಾತ್ರೆಗೆ ಟ್ರ್ಯಾಕ್ಟರ್ ಟ್ರೇಲರ್, ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಹೋಗುವ ಕೂಲಿಯವರಿಗೆ ಟಾಟಾ ಏಸ್. ಬಸ್ಸಿಲ್ಲದ ಊರಿನವರಿಗೆ ಬೇರೆ ದಾರಿ ಇರುವುದಿಲ್ಲ. ಇಂಥ ಪ್ರಯಾಣಿಕರಿಗೂ ವಿಮೆಯ ರಕ್ಷಣೆ ಇದೆ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಮೂರೇ ವರ್ಷಕ್ಕೆ, 2002ರ ಡಿಸೆಂಬರಿನಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿ ಹಾಕಿತು. 1994ರ ತಿದ್ದುಪಡಿಯಿಂದಾಗಿ ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ರಕ್ಷಣೆ ಇದೆ. ಟೊಮೆಟೊ ಕ್ರೇಟುಗಳ ಜೊತೆ ಮಾರುಕಟ್ಟೆಗೆ ಹೊರಟ ರೈತ, ಕ್ರೇಟುಗಳು ತನ್ನವೇ ಎಂದು ತೋರಿಸಬಲ್ಲನಾದರೆ, ವಿಮಾ ಕಂಪನಿಯನ್ನು ಕೇಳಬಹುದು. ವಾಹನದ ಮಾಲೀಕನೇ ನೇಮಿಸಿಕೊಂಡ ಹಮಾಲಿ ಕಾರ್ಮಿಕ ಪರಿಹಾರ ಕಾನೂನಿನ ಮಿತಿಯಲ್ಲಿ ಕೇಳಬಹುದು. ದಾರಿಯಲ್ಲಿ ಕೈ ತೋರಿಸಿ ಹತ್ತಿದವರು, ದಿಬ್ಬಣದವರು, ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತವರು ಕಂಪನಿಯನ್ನು ಕೇಳುವಂತಿಲ್ಲ. ಅವರ ಪರಿಹಾರ ಮಾಲೀಕನ ಜೇಬಿನಿಂದಲೇ ಬರಬೇಕು. 2019ರ ತಿದ್ದುಪಡಿ ಈ ಹೊರಗಿಡುವಿಕೆಯನ್ನು ಕಾಯ್ದೆಯ ಅಕ್ಷರಗಳಲ್ಲೇ ಬರೆದುಬಿಟ್ಟಿದೆ. ರಸ್ತೆಯ ಮೇಲೆ ಅತಿ ಹೆಚ್ಚು ಅಪಾಯದಲ್ಲಿರುವ ಪ್ರಯಾಣಿಕರಿಗೇ ಅತಿ ಕಡಿಮೆ ರಕ್ಷಣೆ.

ವಿಮಾ ಕಂಪನಿಯ ತಕರಾರುಗಳು

ಚಾಲಕನ ಲೈಸೆನ್ಸ್ ಅವಧಿ ಮುಗಿದಿತ್ತು, ನಕಲಿಯಾಗಿತ್ತು, ಪರ್ಮಿಟ್ ಇರಲಿಲ್ಲ ಎಂಬುದು ವಿಮಾ ಕಂಪನಿಗಳ ಸಾಮಾನ್ಯ ವಾದ. ಇವು ಕಂಪನಿಗೂ ಮಾಲೀಕನಿಗೂ ನಡುವಿನ ಕರಾರಿನ ಜಗಳ. ಗಾಯಾಳು ಅದಕ್ಕೆ ಬಲಿಯಾಗಬಾರದು ಎಂಬುದು 2004ರಿಂದ ಸುಪ್ರೀಂ ಕೋರ್ಟಿನ ನಿಲುವು. ಮೊದಲು ಹಣ ಕೊಡು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೋ ಎಂಬುದು ಸೂತ್ರ. ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ 2020ರಲ್ಲಿ ಇದನ್ನು ಗಟ್ಟಿಗೊಳಿಸಿತು. ಲಘು ವಾಹನದ ಲೈಸೆನ್ಸ್ ಇಟ್ಟುಕೊಂಡು ಟ್ಯಾಕ್ಸಿ, ಆಟೊ ಓಡಿಸಿದ ಎಂಬ ಇನ್ನೊಂದು ಹಳೆಯ ತಕರಾರನ್ನು 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಮುಗಿಸಿದೆ: 7,500 ಕೆ.ಜಿ. ಒಳಗಿನ ಸಾರಿಗೆ ವಾಹನ ಓಡಿಸಲು ಆ ಲೈಸೆನ್ಸ್ ಸಾಕು.

ಈ ಸೂತ್ರಕ್ಕೆ ಒಂದು ಗೆರೆ ಇದೆ. ಪಾಲಿಸಿ ಇದ್ದು ಷರತ್ತು ಮುರಿದಿದ್ದರೆ ಕೊಟ್ಟು ವಸೂಲು ಮಾಡುವ ಮಾತು. ಆ ಪ್ರಯಾಣಿಕ ಪಾಲಿಸಿಯ ವ್ಯಾಪ್ತಿಗೇ ಬಾರದವನಾದರೆ ಕಂಪನಿ ತಪ್ಪಿಸಿಕೊಳ್ಳಬಹುದು. ಆದ್ದರಿಂದಲೇ ಯಾವ ವಾಹನ ಹತ್ತಿದಿರಿ ಎಂಬ ಪ್ರಶ್ನೆ ಚಾಲಕನ ಲೈಸೆನ್ಸಿಗಿಂತ ದೊಡ್ಡದು.

ನಷ್ಟವನ್ನು ಅಳೆಯುವ ಬಗೆ

ಗಾಯಾಳುವಿನ ಪರಿಹಾರಕ್ಕೆ ಹಲವು ಬಾಬತ್ತುಗಳಿವೆ. ಆಸ್ಪತ್ರೆ, ಔಷಧಿಯ ಖರ್ಚು. ಓಡಾಟ, ಪೌಷ್ಟಿಕ ಆಹಾರ, ನೋಡಿಕೊಂಡವರ ಖರ್ಚು. ಹಾಸಿಗೆ ಹಿಡಿದ ತಿಂಗಳುಗಳ ದುಡಿಮೆ ನಷ್ಟ. ಮುಂದಿನ ಶಸ್ತ್ರಚಿಕಿತ್ಸೆಯ ಖರ್ಚು, ಉದಾಹರಣೆಗೆ ಹಾಕಿದ ರಾಡ್ ತೆಗೆಸುವುದು. ಇವೆಲ್ಲ ಹಣದ ನಷ್ಟ. ನೋವು, ಯಾತನೆ, ಮೊದಲಿನಂತೆ ನಡೆದಾಡಲು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಆಗದೇ ಹೋದ ಬದುಕಿನ ಸುಖ, ಇವಕ್ಕೆ ಬೇರೆ ಮೊತ್ತ. ಶಾಶ್ವತ ಊನವಾಗಿದ್ದರೆ ಮುಂದಿನ ದುಡಿಮೆಯ ನಷ್ಟ ಎಂಬ ಬಾಬತ್ತು ಉಳಿದೆಲ್ಲವನ್ನೂ ಮೀರಿಸುತ್ತದೆ. ದುಡ್ಡು ಹೋಗುವುದೂ ಬರುವುದೂ ಇಲ್ಲೇ.

ಇದರ ಸೂತ್ರ ಗುಣಾಕಾರದ್ದು. ತಿಂಗಳ ಆದಾಯಕ್ಕೆ ಭವಿಷ್ಯದ ಏರಿಕೆ ಸೇರಿಸಬೇಕು: ಸ್ವಂತ ದುಡಿಮೆಯವರಿಗೆ 40 ವರ್ಷದೊಳಗೆ ಶೇ 40, 40ರಿಂದ 50ರವರೆಗೆ ಶೇ 25, 50ರಿಂದ 60ರವರೆಗೆ ಶೇ 10. ಇದು 2017ರ ಸಂವಿಧಾನ ಪೀಠದ ಮಾತು. ಸಾವಿನ ಪ್ರಕರಣಕ್ಕಷ್ಟೇ ಅಲ್ಲ, ಗಾಯದ ಪ್ರಕರಣಕ್ಕೂ ಸಲ್ಲುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ 12 ತಿಂಗಳು, ವಯಸ್ಸಿಗೆ ತಕ್ಕ ಗುಣಕ, ಊನದ ಶೇಕಡಾವಾರು. ಗುಣಕದ ಪಟ್ಟಿಯನ್ನು 2009ರಲ್ಲಿ ಸುಪ್ರೀಂ ಕೋರ್ಟ್ ನಿಗದಿ ಮಾಡಿದೆ: 25ರವರೆಗೆ 18, 31ರಿಂದ 35ಕ್ಕೆ 16, 46ರಿಂದ 50ಕ್ಕೆ 13, ಹೀಗೆ ಇಳಿಯುತ್ತಾ 65 ದಾಟಿದರೆ 5. ಸಾವಿನ ಪ್ರಕರಣದಲ್ಲಿ ಮೃತರ ಸ್ವಂತ ಖರ್ಚೆಂದು ಒಂದು ಪಾಲು ಕಳೆಯುತ್ತಾರೆ, ಗಾಯದ ಪ್ರಕರಣದಲ್ಲಿ ಕಳೆಯುವುದಿಲ್ಲ.

ದಾವಣಗೆರೆಯಲ್ಲಿ ಬಟ್ಟೆ ಹೊಲಿದು ಬದುಕುವ 34 ವರ್ಷದ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಬಸ್ ಅಪಘಾತದಲ್ಲಿ ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಎಲುಬು ಮುರಿದು, ರಾಡ್ ಹಾಕಿ, ಪಾದ ಪೂರ್ತಿ ಮಡಿಚಲಾಗದೆ ಉಳಿದಿದೆ. ಆದಾಯ ತಿಂಗಳಿಗೆ 15,000 ರೂಪಾಯಿ ಎಂದಿರಲಿ. ಭವಿಷ್ಯದ ಏರಿಕೆ ಸೇರಿ 21,000. ಮೂಳೆ ವೈದ್ಯರು ಬಲಗಾಲಿಗೆ ಶೇ 36 ಊನ ಎಂದು ಬರೆದುಕೊಟ್ಟಿದ್ದಾರೆ. ಒಂದು ಅಂಗದ ಊನದ ಮೂರನೆಯ ಒಂದು ಭಾಗವನ್ನು ಇಡೀ ದೇಹದ ಊನವೆಂದು ಹಿಡಿಯುವ ರೂಢಿ ನಮ್ಮ ನ್ಯಾಯಮಂಡಳಿಗಳಲ್ಲಿದೆ. ಅಂದರೆ ಶೇ 12. ಗುಣಕ 16. ಲೆಕ್ಕ ಹಾಕಿದರೆ 4,83,840 ರೂಪಾಯಿ.

ಅದೇ ಹೆಣ್ಣುಮಗಳ ಪರ ವಕೀಲರು, ಆಕೆಯ ಹೊಲಿಗೆ ಯಂತ್ರ ಕಾಲಲ್ಲಿ ತುಳಿಯುವಂಥದ್ದು, ಬಲಪಾದ ಮಡಿಚದಿದ್ದರೆ ದಿನಕ್ಕೆ ಹೊಲಿಯುವ ರವಿಕೆಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ ಎಂದು ಸಾಕ್ಷಿ ಸಹಿತ ತೋರಿಸಿದರು ಎನ್ನಿ. ನ್ಯಾಯಮಂಡಳಿ ದುಡಿಮೆಯ ಸಾಮರ್ಥ್ಯದ ನಷ್ಟ ಶೇ 20 ಎಂದು ಒಪ್ಪಿದರೆ ಮೊತ್ತ 8,06,400. ಗಾಯ ಅದೇ, ಎಕ್ಸ್-ರೇ ಅದೇ. ಯಂತ್ರವನ್ನು ಹೇಗೆ ಓಡಿಸುತ್ತಾರೆ ಎಂಬ ಒಂದು ವಿವರಕ್ಕೆ ಮೂರು ಲಕ್ಷ ಇಪ್ಪತ್ತೆರಡು ಸಾವಿರ ರೂಪಾಯಿಯ ಬೆಲೆ.

ದೇಹದ ಊನವೇ ಬೇರೆ, ದುಡಿಮೆಯ ನಷ್ಟವೇ ಬೇರೆ ಎಂಬುದನ್ನು ತಿಳಿಯಾಗಿ ಬಿಡಿಸಿ ಹೇಳಿದ್ದು 2010ರ ಸುಪ್ರೀಂ ಕೋರ್ಟ್ ತೀರ್ಪು; ಬರೆದವರು ಒಂದು ಕಾಲಕ್ಕೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಎಡಗೈ ಕಳೆದುಕೊಂಡವನು ಬಡಗಿಯೋ ಚಾಲಕನೋ ಆಗಿದ್ದರೆ ನಷ್ಟ ಹೆಚ್ಚುಕಡಿಮೆ ನೂರಕ್ಕೆ ನೂರು. ಸರ್ಕಾರಿ ಕಚೇರಿಯ ಗುಮಾಸ್ತನಾಗಿದ್ದರೆ ಕೆಲಸವೇ ಹೋಗದಿರಬಹುದು ಎಂಬುದು ಅವರು ಕೊಟ್ಟ ಉದಾಹರಣೆ. 2014ರಲ್ಲಿ ಕರ್ನಾಟಕದಿಂದಲೇ ಹೋದ ಪ್ರಕರಣವೊಂದು ಇದನ್ನು ಇನ್ನೂ ಹತ್ತಿರದಿಂದ ತೋರಿಸಿತು. ಗಾಯಾಳು ತರಕಾರಿ ವ್ಯಾಪಾರಿ, ಒಂದು ಕಾಲು ಹೋಗಿತ್ತು. ಒಂದೇ ಕಡೆ ಕೂತು ತರಕಾರಿ ಮಾರಲು ಅಷ್ಟೇನೂ ಓಡಾಟ ಬೇಡ ಎಂಬ ವಾದ ಹೈಕೋರ್ಟಿನಲ್ಲಿ ಗೆದ್ದಿತ್ತು. ತರಕಾರಿ ಮಾರುವುದೆಂದರೆ ಸಗಟು ಮಾರುಕಟ್ಟೆಗೋ ರೈತರ ಬಳಿಗೋ ಹೋಗಿ ಕೊಳ್ಳುವುದು, ತರುವುದು, ಗಾಡಿ ತಳ್ಳುವುದು ಎಲ್ಲವೂ ಸೇರಿದೆ ಎಂದ ಸುಪ್ರೀಂ ಕೋರ್ಟ್, ಅವರ ದುಡಿಮೆಯ ನಷ್ಟ ಶೇ 85 ಎಂದು ಏರಿಸಿತು. ಅವರು ಹೇಳಿದ 6,500 ರೂಪಾಯಿ ತಿಂಗಳ ಆದಾಯಕ್ಕೂ ರಸೀದಿ ಕೇಳಲಿಲ್ಲ. ದುಡಿಯುವವರ ಕೆಲಸವನ್ನು ಕಣ್ಣಾರೆ ಕಂಡವರ ತೀರ್ಪಿನಂತಿದೆ ಅದು.

ಆದಾಯಕ್ಕೆ ಯಾವ ದಾಖಲೆಯೂ ಇಲ್ಲದಿದ್ದಾಗ, ಲೋಕ ಅದಾಲತ್‌ಗಳಿಗೆಂದು ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಮಾಡಿಟ್ಟ ವರ್ಷವಾರು ಕಾಲ್ಪನಿಕ ಆದಾಯದ ಪಟ್ಟಿಯನ್ನು ನಮ್ಮ ನ್ಯಾಯಾಲಯಗಳು ಆಧರಿಸುತ್ತವೆ. ಸಂಬಳವಿಲ್ಲದ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಲೇಬೇಕು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿದೆ. ಬ್ಯಾಂಕ್ ಪಾಸ್‌ಬುಕ್, ಸಂಘದ ಸಾಲದ ಪುಸ್ತಕ, ಗಿರಾಕಿಗಳು ಕಳಿಸಿದ ಫೋನ್‌ಪೇ ಹಣದ ಪಟ್ಟಿ ಇವನ್ನು ಹಾಜರುಪಡಿಸಿದರೆ ಆ ಕಾಲ್ಪನಿಕ ಪಟ್ಟಿಗಿಂತ ಮೇಲಿನ ಆದಾಯವನ್ನು ತೋರಿಸಲು ದಾರಿಯಿದೆ.

ಮೊದಲ ವಾರದ ಕಾಗದಗಳು

ಪ್ರಕರಣ ಕಟ್ಟುವುದು ವಕೀಲರ ಕಚೇರಿಯಲ್ಲಿ ಅಲ್ಲ, ಆಸ್ಪತ್ರೆಯ ತುರ್ತು ಘಟಕದಲ್ಲಿ. ‘ಹೇಗಾಯಿತು?’ ಎಂದು ಡ್ಯೂಟಿ ಡಾಕ್ಟರ್ ಕೇಳಿ ಬರೆದುಕೊಳ್ಳುವ ಎರಡು ಸಾಲು ಎಂಎಲ್‌ಸಿ (ಮೆಡಿಕೊ ಲೀಗಲ್ ಕೇಸ್) ಪುಸ್ತಕದಲ್ಲಿ ಉಳಿಯುತ್ತದೆ. ಪೊಲೀಸ್ ಗೋಜು ಬೇಡವೆಂದೋ ಗಾಬರಿಯಲ್ಲೋ ‘ಬಿದ್ದು ಪೆಟ್ಟಾಯಿತು’ ಎಂದಷ್ಟೇ ಬರೆಸಿ, ವಾರ ಕಳೆದ ಮೇಲೆ ಇಂಥ ನಂಬರಿನ ವಾಹನ ಗುದ್ದಿತು ಎಂದು ದೂರು ಕೊಟ್ಟರೆ ವಿಮಾ ಕಂಪನಿಯ ವಕೀಲರು ಮೊದಲು ಕೈ ಹಾಕುವುದು ಆ ಸಾಲಿಗೇ. ವಾಹನದ ನಂಬರು, ಜಾಗ, ಸಮಯ ಆ ದಿನವೇ ದಾಖಲಾಗಬೇಕು. ಆಮೇಲೆ ಎಫ್‌ಐಆರ್, ಸ್ಥಳ ಮಹಜರು, ಮೋಟಾರು ವಾಹನ ನಿರೀಕ್ಷಕರ ವರದಿ, ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಾರಾಂಶ, ದೋಷಾರೋಪ ಪಟ್ಟಿ ಒಂದರ ಹಿಂದೆ ಒಂದು. ಔಷಧಿ ಅಂಗಡಿಯ ಚೀಟಿಗಳು, ಆಸ್ಪತ್ರೆಗೆ ಹೋಗಿಬಂದ ಆಟೊ, ಆಂಬುಲೆನ್ಸ್ ಬಿಲ್ಲುಗಳು ಒಂದು ಕವರಿನಲ್ಲಿ ಇರಲಿ.

ಚಿಕಿತ್ಸೆಯ ಹಣಕ್ಕೆ ಪರದಾಡಬೇಕಿಲ್ಲದ ದಾರಿಯೊಂದು 2025ರ ಮೇ ತಿಂಗಳಿಂದ ಜಾರಿಯಲ್ಲಿದೆ. ರಸ್ತೆ ಅಪಘಾತದ ಗಾಯಾಳುವಿಗೆ ಅಪಘಾತದ ದಿನದಿಂದ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರ ಯೋಜನೆ ಅದು. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ವ್ಯವಸ್ಥೆ ಬೇರೆ ಇದೆ. ತಪ್ಪು ಯಾರದೆಂದು ಸಾಬೀತು ಮಾಡುವ ಗೊಡವೆಯೇ ಬೇಡವೆಂದರೆ 164ನೇ ಕಲಮಿನಡಿ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ನಿಗದಿಯಾಗಿದೆ. ಆದರೆ ಈ ದಾರಿ ಹಿಡಿದು ಹಣ ಒಪ್ಪಿಕೊಂಡರೆ 166ನೇ ಕಲಮಿನ ಪೂರ್ಣ ಪರಿಹಾರದ ಅರ್ಜಿ ಕೈತಪ್ಪುತ್ತದೆ. ದಾವಣಗೆರೆಯ ನಮ್ಮ ಹೆಣ್ಣುಮಗಳು ಆತುರಪಟ್ಟು ಎರಡೂವರೆ ಲಕ್ಷಕ್ಕೆ ಸಹಿ ಹಾಕಿದ್ದರೆ ಎಷ್ಟು ಕಳೆದುಕೊಳ್ಳುತ್ತಿದ್ದಳು ಎಂಬುದನ್ನು ಮೇಲಿನ ಲೆಕ್ಕ ಹೇಳುತ್ತದೆ.

ಎಲ್ಲಿ, ಯಾವಾಗ, ಹೇಗೆ

ಅಪಘಾತ ಚೆನ್ನೈ ಹೆದ್ದಾರಿಯಲ್ಲಾಗಿದ್ದರೂ ರಾಯಚೂರಿನ ಕಾರ್ಮಿಕ ತನ್ನೂರಿನ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಅಪಘಾತವಾದ ಜಾಗ, ಅರ್ಜಿದಾರ ವಾಸಿಸುವ ಅಥವಾ ವ್ಯವಹಾರ ನಡೆಸುವ ಜಾಗ, ಎದುರಾಳಿ ವಾಸಿಸುವ ಜಾಗ ಇವುಗಳಲ್ಲಿ ಆಯ್ಕೆ ಅರ್ಜಿದಾರನದು.

ಗಡುವಿನ ವಿಷಯದಲ್ಲಿ ಎಚ್ಚರ ಬೇಕು. ಒಂದು ಕಾಲಕ್ಕೆ ಈ ಅರ್ಜಿಗಳಿಗೆ ಕಾಲಮಿತಿಯೇ ಇರಲಿಲ್ಲ. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಎಂಬ ಮಿತಿ ಮರಳಿ ಬಂದಿದೆ. ಇದನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ, ತಡವಾಯಿತೆಂಬ ಕಾರಣಕ್ಕೆ ಪರಿಹಾರದ ಅರ್ಜಿ ವಜಾ ಮಾಡಬೇಡಿ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಮಧ್ಯಂತರ ಆದೇಶವನ್ನು ನಂಬಿ ಕೂರದೆ ಆರು ತಿಂಗಳೆಂದೇ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು. ಮೂಳೆ ಕೂಡಿ ಊನ ಎಷ್ಟೆಂದು ಗೊತ್ತಾಗಲು ಅದಕ್ಕಿಂತ ಹೆಚ್ಚು ಸಮಯ ಹಿಡಿಯಬಹುದು. ಅರ್ಜಿ ಮೊದಲು ಹಾಕಿ, ಊನದ ಪ್ರಮಾಣಪತ್ರವನ್ನು ಸಾಕ್ಷ್ಯದ ಹೊತ್ತಿಗೆ ತಂದರಾಯಿತು.

ವಕೀಲರ ಫೀಸಿನ ಬಗ್ಗೆಯೂ ಒಂದು ಮಾತು. ಬರುವ ಪರಿಹಾರದಲ್ಲಿ ಇಷ್ಟು ಪಾಲು ಎಂದು ಫೀಸು ಗೊತ್ತುಮಾಡುವುದು ವಕೀಲರ ವೃತ್ತಿನಿಯಮಕ್ಕೆ ವಿರುದ್ಧ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ, ಆದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಮೇಲಿನ ಗುಣಾಕಾರವನ್ನು ಒಮ್ಮೆ ಸ್ವಂತ ಕೈಯಲ್ಲಿ ಮಾಡಿ ನೋಡದೆ ರಾಜಿಗೆ ಕೂರಬಾರದು. ನ್ಯಾಯಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ 90 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದು. ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆ ಇದ್ದರೆ ಆ ಬಾಗಿಲು ಇಲ್ಲ.

ಮಾಡಬೇಕಾದ್ದು ಉಳಿದಿದೆ

ಗಾಯಾಳುವೇ ಅಲೆದು ಕಾಗದ ಕೂಡಿಸುವ ಪಾಡು ತಪ್ಪಲೆಂದೇ 2022ರಲ್ಲಿ ಹೊಸ ನಿಯಮಗಳು ಬಂದವು. ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 50 ದಿನಗಳೊಳಗೆ ಮಧ್ಯಂತರ ವರದಿಯನ್ನು, 90 ದಿನಗಳೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕೊಡಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ನ್ಯಾಯಮಂಡಳಿ ಪರಿಗಣಿಸಬಹುದು. ಇದನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿ ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಠಾಣೆಗಳು ಇದನ್ನು ಅಕ್ಷರಶಃ ಪಾಲಿಸಿದರೆ ಗಾಯಾಳುವಿನ ಕುಟುಂಬ ಆಸ್ಪತ್ರೆ, ಠಾಣೆ, ವಕೀಲರ ಕಚೇರಿಗಳ ನಡುವೆ ಸುತ್ತುವುದು ಬಹುಪಾಲು ನಿಲ್ಲುತ್ತದೆ. ನಿಮ್ಮ ಪ್ರಕರಣದಲ್ಲಿ ಈ ವರದಿ ಹೋಗಿದೆಯೇ ಎಂದು ತನಿಖಾಧಿಕಾರಿಯನ್ನು ಕೇಳುವುದು ಗಾಯಾಳುವಿನ ಹಕ್ಕು.

ಉಳಿದ ಎರಡು ಕೆಲಸ ರಾಜ್ಯ ಸರ್ಕಾರದ ಕೈಯಲ್ಲೇ ಇವೆ. ಸಾರಿಗೆ ನಿಗಮಗಳು ತೀರ್ಪಾದ ಹಣವನ್ನು ಜಪ್ತಿಯ ವಾರಂಟ್ ಬರುವ ಮೊದಲೇ ಕಟ್ಟುವಂತೆ ಪರಿಹಾರ ನಿಧಿಗೆ ಬಜೆಟ್‌ನಲ್ಲೇ ದುಡ್ಡು ಎತ್ತಿಡಬೇಕು. ಬಿತ್ತನೆ, ಕೊಯ್ಲಿನ ದಿನಗಳಲ್ಲಿ ಕೂಲಿಯವರು ಸರಕು ವಾಹನ ಹತ್ತುವ ಮಾರ್ಗಗಳು ಪ್ರತಿ ತಾಲ್ಲೂಕಿನ ಡಿಪೊಗೂ ಗೊತ್ತು. ಆ ಮಾರ್ಗಗಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ ಹಾಕಿದರೆ, ವಿಮೆಯ ಲೆಕ್ಕಕ್ಕೇ ಬಾರದ ಸಾವಿರಾರು ಜನ ಅದರೊಳಗೆ ಬರುತ್ತಾರೆ. ಗೂಡ್ಸ್ ವಾಹನ ತಡೆದು ದಂಡ ಹಾಕುವುದು ಸುಲಭ. ಆದರೆ ಇಳಿಸಿದವರನ್ನು ಹತ್ತಿಸಿಕೊಳ್ಳಲು ಹಿಂದೆ ಒಂದು ಬಸ್ ಇಲ್ಲದಿದ್ದರೆ, ಅವರು ಮರುದಿನ ಅದೇ ಟಾಟಾ ಏಸ್ ಹತ್ತುತ್ತಾರೆ.